ನೊರೆ ನಿಲ್ಲುವ ತನಕ

ಹಾಸನೂರಿನ ಗೇಟು ತೆರೆಯುವುದು ಆರಕ್ಕೆ.
ಅಲ್ಲಿಯವರೆಗೆ ಕಾಡು ಆನೆಗಳದು,
ರಸ್ತೆಯೂ ಅವುಗಳದೇ.
ಸಾಲಿನಲ್ಲಿ ನಾವು ಹನ್ನೊಂದನೆಯವರು.
ಹಿಂದೆ ಕಬ್ಬಿನ ಲಾರಿ, ಮುಂದೆ ಕಲ್ಲಿನದು,
ನಮ್ಮದರಲ್ಲಿ ತಾಳವಾಡಿಯ ಕೋಸು,
ಒಂದೊಂದು ಗಡ್ಡೆಯೂ ರಾತ್ರಿಯೆಲ್ಲ ಮಂಜು ಕುಡಿದು
ಇನ್ನಷ್ಟು ತೂಕವಾಗಿ.

ಧನುರ್ಮಾಸದ ಚಳಿ.
ಸ್ಪ್ಯಾನರು ಹಿಡಿದರೆ ಕೈಗೆ ಕಚ್ಚಿಕೊಳ್ಳುತ್ತದೆ.
ಮುಂದಿನ ಗಾಜಿನ ಮೇಲೆ ಉಗುರಿನಿಂದ ಹೆಸರು ಬರೆಯಬಹುದು.
ನಾನು ಬರೆಯಲಿಲ್ಲ.

ಐದೂವರೆಗೆ ದೊರೆಸಾಮಣ್ಣ ಚಾವಿ ತಿರುಗಿಸಿದ.
ಗಾಡಿ ಕೆಮ್ಮಿತು, ಕೆಮ್ಮಿತು,
ಮುದುಕಿ ಚಾಪೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಅಲುಗಿ
ಸುಮ್ಮನಾಯಿತು.

ಇದಕ್ಕೆ ಮದ್ದಿದೆ:
ರತ್ನಕ್ಕನ ಟೀ ಅಂಗಡಿಯಿಂದ ಒಂದು ಕೊಡ ಬಿಸಿನೀರು
ರೇಡಿಯೇಟರಿನ ಬಾಯಿಗೆ, ಬಾಣಂತಿಗೆ ಎರೆದಷ್ಟು ಹದವಾಗಿ;
ಹಳೇ ಬಟ್ಟೆ ಡೀಸಲಿನಲ್ಲಿ ಅದ್ದಿ, ಕೋಲಿಗೆ ಸುತ್ತಿ, ಹೊತ್ತಿಸಿ
ಎಣ್ಣೆತೊಟ್ಟಿಯ ಅಡಿಗೆ ಹಿಡಿದು
ಅತ್ತಿತ್ತ ಆಡಿಸುವುದು.
ಈವತ್ತು ಎಲ್ಲವನ್ನೂ ಮಾಡಿದೆ.
ಯಾರೂ ಹೇಳದೆಯೇ ಮಾಡಿದೆ.
ತಪ್ಪು ಮಾಡಿದವನು ಕೆಲಸ ಜಾಸ್ತಿ ಮಾಡುತ್ತಾನೆ.

ಅವನು ಇಳಿದು ಬಂದ, ಕಿವಿಗೆ ಮಫ್ಲರು ಸುತ್ತಿ.
ಡೀಸಲಿನ ಮುಳ್ಳು ಸತ್ತು ಆರು ವರ್ಷ.
ಟ್ಯಾಂಕಿಗೆ ಬಿದಿರುಕಡ್ಡಿ ಇಳಿಸಿದ, ಎತ್ತಿದ,
ಟಾರ್ಚಿನ ಬೆಳಕಿನಲ್ಲಿ ಒದ್ದೆಯ ಗೆರೆ ನೋಡಿದ.
ಇರಬೇಕಾದ ಜಾಗಕ್ಕಿಂತ ಎರಡು ಬೆರಳು ಕೆಳಗೆ.
ಆಮೇಲೆ ನನ್ನನ್ನು ನೋಡಿದ.
ನನ್ನನ್ನಲ್ಲ,
ಮೈಮೇಲಿನ ಸ್ವೆಟರನ್ನು.
ಚಾಮರಾಜನಗರದಲ್ಲಿ ಮೊನ್ನೆ ಕೊಂಡದ್ದು, ಇಟ್ಟಿಗೆ ಬಣ್ಣ,
ತೋಳಿನ ಹತ್ತಿರ ಬೆಲೆಚೀಟಿಯ ದಾರ ಇನ್ನೂ ನೇತಾಡುತ್ತಿತ್ತು.
ಕೇಳಿದ್ದರೆ ಕೊಡಿಸುತ್ತಿದ್ದನೇನೋ.
ಕೇಳಿರಲಿಲ್ಲ.

"ಗಾಳಿ ಸೇರ್ಕಂಡದ," ಅಂದ. ಅಷ್ಟೆ.
ಹದಿನಾಲ್ಕರ ಸ್ಪ್ಯಾನರು ಕೈಗಿಟ್ಟ.

ಫಿಲ್ಟರಿನ ನೆತ್ತಿಯ ತಿರುಪು ಸಡಿಲಿಸಿ
ಹೆಬ್ಬೆರಳಿನಿಂದ ಪಂಪು ಒತ್ತಬೇಕು.
ಒತ್ತಿದೆ. ಬುಸ್ಸೆಂದು ಬರೀ ಉಸಿರು.
ಒತ್ತಿದೆ. ನೊರೆ,
ಎಂಜಲಿನ ಹಾಗೆ, ಗುಳ್ಳೆ ಗುಳ್ಳೆ.
"ನೊರೆ ನಿಲ್ಲೋ ಗಂಟ ಒತ್ತು ಕಲಾ.
ಒಂದ್ ಗುಳ್ಳೆ ಒಳಗುಳುದ್ರೂ
ದಿಂಬಂ ತಿರುವ್ನಲ್ಲಿ ಕೈ ಕೊಡ್ತದ."
ಅವನು ಗಾಡಿಯ ಮಾತನ್ನೇ ಆಡುತ್ತಿದ್ದ.
ನನಗೆ ಗಂಟಲಲ್ಲೊಂದು ಗುಳ್ಳೆ,
ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು.
ಹೆಬ್ಬೆರಳು ಮರಗಟ್ಟಿ ಇನ್ಯಾರದೋ ಆಯಿತು.
ಕೊನೆಗೆ ಸಣ್ಣಗೆ, ನೊರೆಯಿಲ್ಲದೆ,
ಎಳೆದ ದಾರದ ಹಾಗೆ ಡೀಸಲು ಬಂತು;
ಮಣಿಕಟ್ಟು ದಾಟಿ ಹರಿದು
ಸ್ವೆಟರಿನ ತೋಳಿನೊಳಕ್ಕೆ ಇಳಿಯಿತು.

ಈ ಸಲ ಹತ್ತಿತು.
ಮೊದಲು ಬಿಳೀ ಹೊಗೆ, ಆಮೇಲೆ ಕರೀದು.
ಕಬ್ಬಿನ ಲಾರಿಯವನು ಕೆಮ್ಮುತ್ತ
ತಮಿಳಿನಲ್ಲಿ ನಮ್ಮ ವಂಶವನ್ನು ನೆನೆದ.

ತಣ್ಣಗಿರುವ ಇಂಜಿನ್ನಿಗೆ ರೇಸು ಕೊಡಬಾರದು.
ಎಣ್ಣೆ ತಳ ಬಿಟ್ಟೆದ್ದು ತಲೆಗೆ ಹತ್ತಬೇಕು,
ಅದಕ್ಕೊಂದು ಹೊತ್ತು ಬೇಕು.
ಗೇಟು ತೆರೆಯಿತು. ಮುಂದಿನ ಹತ್ತೂ ಹೋದವು.
ಹಿಂದಿನಿಂದ ಹಾರನ್ನು.
ಗಾರ್ಡು ಬಂದು ಬಾಗಿಲು ಬಡಿದ, "ಪೋ, ಪೋ!"
ದೊರೆಸಾಮಣ್ಣ ಕದಲಲಿಲ್ಲ.
ಕ್ಯಾಬಿನ್ನಿನ ನಡುವೆ ಇಂಜಿನ್ನಿನ ಮುಚ್ಚಳ,
ಮುಚ್ಚಳಕ್ಕೆ ಹಾಸಿದ ಗೋಣಿ,
ಗೋಣಿಯ ಮೇಲೆ ಅವನ ಎರಡು ಅಂಗೈ.
ನಾನೂ ಇಟ್ಟೆ, ವಸಿ ದೂರದಲ್ಲಿ.
ಬಿಸಿ ಕೆಳಗಿನಿಂದ ನಿಧಾನಕ್ಕೆ ಬಂತು,
ಇಬ್ಬರಿಗೂ ಒಂದೇ ಹೊತ್ತಿಗೆ.

"ಎಷ್ಟ್ ಲೀಟ್ರು?"
"ಎಂಟು."
"ಎಷ್ಟುಕ್ ಕೊಟ್ಟೆ?"
"ನಾನೂರು."
ಬಿಸಿಯ ಮುಳ್ಳು ಕೊಂಚ ಎದ್ದಿತು.
ಅವನು ಗೇರು ಹಾಕಿದ.
"ಬಡ್ಡೆತ್ತದೆ, ಕಮ್ಮಿಗ್ ಕೊಟ್ಯಲ್ಲ."

ಗೇಟಿನಾಚೆ ರಸ್ತೆಯ ನಡುವೆ
ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು.
ಚಕ್ರ ತಾಗದ ಹಾಗೆ
ಅವನು ಸುತ್ತಿ ಹೋದ.